ಅನುಮಾನವಿದ್ದರೆ ಕತ್ತರಿ ಇಡಬೇಡ

ಆ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಟೈಲರ್ ಬಾಯಿ ಮುಚ್ಚಿಕೊಂಡು ತಿಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬಾಯಲ್ಲಿ ತುತ್ತಿತ್ತು, ಸುಮ್ಮನೆ ಅಗಿದು ನುಂಗಬಹುದಿತ್ತು. ಗ್ರಹಚಾರ ನೋಡಿ, ಅಗಿಯುವುದನ್ನು ಬಿಟ್ಟು ಮಗಳ ಕಡೆ ತಿರುಗಿದ.

"ಅಲ್ಲಮ್ಮಾ, ಅದೇನು ಅಂಥಾ ಕಷ್ಟದ ಪರೀಕ್ಷೆ? ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಅವರೇ ಬರೆದು ಕೊಟ್ಟಿರ್ತಾರಂತೆ. ಅದರಲ್ಲಿ ಒಂದು ಸರಿ ಇದ್ದೇ ಇರುತ್ತಂತೆ. ಕಣ್ಣೆದುರಿಗೆ ಬಿದ್ದಿರೋದನ್ನ ಎತ್ಕೊಳ್ಳೋಕೂ ಕಷ್ಟಾನಾ?"

ಮಗಳು ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. ಎತ್ತಿ ಕುಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಸದ್ದು ಮಾಡುವ ಮಕ್ಕಳಿಗೆ ಏನಾದರೂ ಹೇಳಬಹುದು, ಸದ್ದಿಲ್ಲದೆ ತಟ್ಟೆ ಇಡುವ ಮಕ್ಕಳಿಗೆ ಏನು ಹೇಳುವುದು?

"ಅಪ್ಪಾ, ನಾನು ಒಂದೇ ಒಂದು ಕೇಳಿದ್ದೆ. ನೀನು ಯೋಚ್ನೆ ಮಾಡಿ ಹೇಳ್ತೀನಿ ಅಂದೆ. ಇನ್ನೂ ಹೇಳಿಲ್ಲ."

ಹೈಸ್ಕೂಲು ಮುಗಿಸುವ ಮಕ್ಕಳೆಲ್ಲ ಕಾಲೇಜು ಸೇರಬೇಕೆಂದರೆ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕಾಗಿ ಅವಳು ವಾರವೆಲ್ಲ ಸಂಜೆ ಕೋಚಿಂಗ್ ಸೆಂಟರಿಗೆ ಹೋಗುತ್ತಿದ್ದಳು. ಅದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಸೆಂಟರಿನವರು ಅಷ್ಟಕ್ಕೇ ಬಿಡದೆ 'ಭಾನುವಾರದ ವಿಶೇಷ ತರಗತಿ' ಅಂತ ಒಂದು ಹುಟ್ಟುಹಾಕಿದ್ದರು. ಬೆಳಿಗ್ಗೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಮಗಳು ಕೇಳಿದ್ದು ಇಷ್ಟೇ: ವಾರವೆಲ್ಲ ಹೋಗ್ತೀನಿ, ಪರೀಕ್ಷೆನೂ ಬರೀತೀನಿ, ಭಾನುವಾರ ಒಂದು ನನಗೆ ಬಿಟ್ಟುಕೊಡು.

ಟೈಲರನಿಗೂ ಆ ಭಾನುವಾರ ಬೇಕಿತ್ತು, ಹೇಳಿಕೊಳ್ಳಲು ಬಾಯಿರಲಿಲ್ಲ ಅಷ್ಟೆ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಉದ್ದನೆಯ ಕನ್ನಡಿ, ಮೆಷಿನ್ನಿನ ಪಕ್ಕದಲ್ಲಿ ಒಂದು ಸ್ಟೂಲು. ಆ ಸ್ಟೂಲು ಮಗಳದ್ದು. ಕಾಲು ನೆಲಕ್ಕೆ ಎಟುಕದ ವಯಸ್ಸಿನಿಂದ ಪ್ರತಿ ಭಾನುವಾರ ಅದರ ಮೇಲೆ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಾ ಅಪ್ಪನ ಜೊತೆ ಹರಟುತ್ತಿದ್ದಳು. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವವರು, ಹಳೇ ಅಂಗಿಯ ಅಳತೆಗೇ ಹೊಲಿ ಎಂದು ಹಟ ಹಿಡಿಯುವವರು, ಒಬ್ಬೊಬ್ಬರನ್ನೂ ಅವಳು ಮಾಡಿ ತೋರಿಸಿದರೆ ಟೈಲರ್ ಮೆಷಿನ್ನು ನಿಲ್ಲಿಸಿ ನಗುತ್ತಿದ್ದ. ವಿಶೇಷ ತರಗತಿ ಶುರುವಾದ ಮೇಲೆ ಸ್ಟೂಲಿನ ಮೇಲೆ ಬಟ್ಟೆಯ ರಾಶಿ ಕೂತಿತ್ತು. ಬಟ್ಟೆಯ ರಾಶಿಯ ಜೊತೆ ಹರಟೋಕಾಗುತ್ತಾ?

"ಭಾನುವಾರ ಬಿಟ್ರೆ ಪರ್ಸೆಂಟೈಲ್ ಏರೋದು ಹೇಗೆ?" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಮಹಡಿ ಮನೆ ಬ್ಯಾಂಕಿನಮ್ಮನ ಮಗ ಭಾನುವಾರದ ಕ್ಲಾಸಿಂದಲೇ ತೊಂಬತ್ತೆಂಟಕ್ಕೆ ಹೋದನಂತೆ. ಹರಟೆ ಸಾಕು, ಹೋಗಿ ಓದ್ಕೋ!"

'ಹರಟೆ ಸಾಕು, ಹೋಗಿ ಓದ್ಕೋ' ಎನ್ನುವುದು ಆ ಮನೆಯಲ್ಲಿ ಗೋಡೆ ಗಡಿಯಾರಕ್ಕಿಂತ ಹೆಚ್ಚು ಸಲ ಬಾರಿಸುವ ಗಂಟೆ. ಅದು ಬಾರಿಸಿದರೆ ಮಗಳು ಎದ್ದು ಹೋಗುತ್ತಾಳೆ. ಇವತ್ತು ಏಳಲಿಲ್ಲ.

"ನೋಡಮ್ಮಾ," ಟೈಲರ್ ದನಿ ತಗ್ಗಿಸಿದ, "ಆ ಪರೀಕ್ಷೆ ಏನು ಎತ್ತ ಅಂತ ನನಗೆ ತಲೆಬುಡ ಗೊತ್ತಿಲ್ಲ. ಅರ್ಥ ಆಗದ ವಿಷಯಕ್ಕೆ ಹೂಂ ಅಂತ ಹೇಗನ್ನಲಿ, ಉಹೂಂ ಅಂತ ಹೇಗನ್ನಲಿ?"

"ಹಾಗಾದ್ರೆ ಅರ್ಥ ಮಾಡ್ಕೋ. ಇವತ್ತು ನಮಗೆ ಕ್ಲಾಸಿಲ್ಲ, ಯಾಕೆ ಗೊತ್ತಾ? ತಂದೆತಾಯಿಗೂ ಕಷ್ಟ ತಿಳೀಲಿ ಅಂತ ನಿಮಗೇ ಪರೀಕ್ಷೆ ಇಟ್ಟಿದಾರೆ. ನಾವು ಬರೆದ ಪೇಪರ್ರೇ. ಹೋಗಿ ಬರಿ. ಸಂಜೆ ಬಂದು ನೀನು ಏನು ಹೇಳಿದ್ರೂ ಕೇಳ್ತೀನಿ. ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಬೇಡ. ಅಮ್ಮಾ, ನೀನೂ ಒಪ್ಕೋ!"

"ನಿಮ್ಮಪ್ಪ ಪರೀಕ್ಷೆ ಬರೀತಾರೆ ಅಂದ್ರೆ ನಾನು ಏನು ಬೇಕಾದ್ರೂ ಒಪ್ತೀನಿ," ಎಂದು ಒಳಗಿನಿಂದ ನಗು ಬಂತು.

ಆ ನಗುವೇ ಟೈಲರನನ್ನು ಎಬ್ಬಿಸಿತು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯುವವರು ಹೀಗೇ ಏಳುವುದು.

ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಸುದ್ದಿ ಬೀದಿಗೆ ಮುಟ್ಟಿತ್ತು. ಎದುರು ಮನೆಯ ನಿವೃತ್ತ ಮೇಷ್ಟ್ರು, ಮೂಲೆಯ ಔಷಧಿ ಅಂಗಡಿಯವರು, ಮಹಡಿಯ ಬ್ಯಾಂಕಿನಮ್ಮ, ಮೂವರೂ ಅದೇ ಪರೀಕ್ಷೆಗೆ ಹೊರಟು ಅಂಗಡಿಯ ಮುಂದೆ ನಿಂತಿದ್ದರು. ಮೇಷ್ಟ್ರ ಮೊಮ್ಮಗ, ಔಷಧಿ ಅಂಗಡಿಯವರ ಮಗಳು, ಬ್ಯಾಂಕಿನಮ್ಮನ ತೊಂಬತ್ತೆಂಟು, ಎಲ್ಲರೂ ಅದೇ ಸೆಂಟರಿನ ಸರಕು.

"ಟೈಲರ್ರೂ ಬರ್ತಾರಂತೆ!" ಎಂದು ಔಷಧಿ ಅಂಗಡಿಯವರು ಚಪ್ಪಾಳೆ ತಟ್ಟಿದರು. "ಹೆದರ್ಬೇಡಿ. ಏನೂ ಗೊತ್ತಿಲ್ದಿದ್ರೆ ಉದ್ದ ಇರೋ ಉತ್ತರ ಹಿಡ್ಕೊಳ್ಳಿ. ಸುಳ್ಳು ಹೇಳೋನು ಚಿಕ್ಕದಾಗಿ ಹೇಳ್ತಾನೆ."

"ಅದೆಲ್ಲ ಹಳೇ ಕಾಲ," ಅಂದರು ಬ್ಯಾಂಕಿನಮ್ಮ. "ಗೊತ್ತಿಲ್ದೇ ಇರೋದಕ್ಕೆಲ್ಲ ಮೂರನೇದು ಹಾಕಿ. ನನ್ನ ಮಗ ಹೇಳಿದಾನೆ, ಜಾಸ್ತಿ ಉತ್ತರ ಮೂರನೇದೇ ಇರುತ್ತಂತೆ."

ಟೈಲರ್ ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ಈ ಪರ್ಸೆಂಟೈಲ್ ಅಂದ್ರೆ ಏನು? ಎಲ್ಲರೂ ಅದನ್ನೇ ಅಂತಾರೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಯ್ಯಾ, ಪರ್ಸೆಂಟ್ ಅಂದ್ರೆ ನೂರಕ್ಕೆ ಎಷ್ಟು ಅಂತ. ಪರ್ಸೆಂಟೈಲ್ ಅಂದ್ರೆ... ಅದೇನೇ. ಆದರೆ ಅದಕ್ಕಿಂತ ಸ್ವಲ್ಪ ಜಾಸ್ತಿ."

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಿನ್ನ ಗಿರಾಕಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸು. ನೀನೂ ಅದರಲ್ಲಿ ನಿಲ್ಲು. ನಿನ್ನ ಹಿಂದೆ ನಿನಗಿಂತ ಕುಳ್ಳಗಿರೋರು ನೂರಕ್ಕೆ ಎಷ್ಟು ಜನ? ಅದೇ ನಿನ್ನ ಪರ್ಸೆಂಟೈಲ್."

"ಹಾಗಾದ್ರೆ ನಾನು ಎಷ್ಟು ಎತ್ತರ ಅಂತ?"

"ಅದನ್ನ ಯಾರೂ ಕೇಳಲ್ಲ."

"ಅಂಥಾ ಅಳತೇಲಿ ಅಂಗಿ ಹೊಲಿಯೋಕಾಗುತ್ತೇನಮ್ಮಾ?"

"ಆಗಲ್ಲ. ಕಾಲೇಜು ಸಿಗುತ್ತೆ ಅಷ್ಟೆ. ಇನ್ನೊಂದು ನೆನಪಿಟ್ಕೋ. ಸರಿಯಾದ್ರೆ ಎರಡು ಅಂಕ ಕೊಡ್ತಾರೆ, ತಪ್ಪಾದ್ರೆ ಒಂದು ಕಿತ್ಕೋತಾರೆ. ಖಾಲಿ ಬಿಟ್ರೆ ಕೊಡೋದೂ ಇಲ್ಲ, ಕಿತ್ಕೊಳ್ಳೋದೂ ಇಲ್ಲ."

ಟೈಲರ್ ತಲೆಯಾಡಿಸಿದ. ದಾರಿಯುದ್ದಕ್ಕೂ ಉದ್ದದ್ದು, ಮೂರನೇದು, ಉದ್ದದ್ದು, ಮೂರನೇದು ಎಂದು ಇಬ್ಬರ ಜಗಳ ಕೇಳುತ್ತಾ ಹೋದ. ಮೇಷ್ಟ್ರು ಮಾತ್ರ ಯಾರ ಸಲಹೆಯೂ ಬೇಡವೆನ್ನುವಂತೆ ಕೈ ಹಿಂದಕ್ಕೆ ಕಟ್ಟಿಕೊಂಡು ಮುಂದೆ ನಡೆದಿದ್ದರು.

ಸೆಂಟರಿನ ಬಾಗಿಲಲ್ಲಿ ಮೊದಲ ಎಡವಟ್ಟು. ತಪಾಸಣೆ ಮಾಡುತ್ತಿದ್ದ ಹುಡುಗಿ ಟೈಲರನನ್ನು ಕಂಡದ್ದೇ ಕೈ ಅಡ್ಡ ಹಿಡಿದಳು. "ಸಾರ್, ಕತ್ತಲ್ಲಿ ಅದೇನು?"

ಅಳತೆ ಟೇಪು. ಇಸ್ತ್ರಿ ಅಂಗಿ ಹಾಕಿಕೊಂಡವನು ಅಭ್ಯಾಸಬಲದಿಂದ ಟೇಪನ್ನೂ ಕೊರಳಿಗೆ ಹಾಕಿಕೊಂಡು ಬಂದಿದ್ದ.

"ಅಂಕಿ ಬರೆದಿರೋ ವಸ್ತು ಒಳಗೆ ತರೋ ಹಾಗಿಲ್ಲ." ಟೇಪು ಹೋಯಿತು. ಜೇಬಿನಿಂದ ಗುರುತು ಹಾಕುವ ಸೀಮೆಸುಣ್ಣ ಹೋಯಿತು. ಕಾಲರಿನ ಮಡಿಕೆಯಲ್ಲಿದ್ದ ಸೂಜಿಯನ್ನು ಅವಳು ಎರಡು ಬೆರಳಲ್ಲಿ ಎತ್ತಿ ಹಿಡಿದಾಗ ಹಿಂದೆ ನಿಂತವರೆಲ್ಲ ಒಂದು ಹೆಜ್ಜೆ ಸರಿದರು. ಕೊರಳಲ್ಲಿ ಟೇಪಿಲ್ಲದೆ ಒಳಗೆ ನಡೆದ ಟೈಲರನಿಗೆ ಬೀದಿಯಲ್ಲಿ ಅಂಗಿ ಬಿಚ್ಚಿಸಿದಷ್ಟು ಸಂಕೋಚವಾಯಿತು. ನನ್ನ ಮಗಳೂ ಪ್ರತಿ ವಾರ ಹೀಗೇ ಜೇಬು ಮಗುಚಿ ಒಳಗೆ ಬರ್ತಾಳಾ ಎಂದುಕೊಂಡ.

ಮಕ್ಕಳು ಕೂರುವ ಜಾಗದಲ್ಲೇ ಅವರವರ ಮನೆಯವರನ್ನು ಕೂರಿಸಿದರು, ಅವನಿಗೆ ಸಿಕ್ಕಿದ್ದು ಕಿಟಕಿಯ ಪಕ್ಕದ ಬೆಂಚು. ಪ್ರಶ್ನೆಪತ್ರಿಕೆ ಬಂತು, ಜೊತೆಗೆ ಒಂದು ಹಾಳೆ. ಹಾಳೆಯ ತುಂಬ ಸಣ್ಣ ಸಣ್ಣ ವೃತ್ತ, ಅಂಗಿಯಿಲ್ಲದ ಗುಂಡಿಗಳ ಹಾಗೆ. ಸರಿ ಎನಿಸಿದ ಉತ್ತರದ ವೃತ್ತಕ್ಕೆ ಪೆನ್ನಿನಿಂದ ಮಸಿ ತುಂಬಬೇಕು. ಒಮ್ಮೆ ತುಂಬಿದರೆ ಅಳಿಸುವಂತಿಲ್ಲ.

ಅಳಿಸುವಂತಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಟೈಲರ್ ನೆಟ್ಟಗೆ ಕೂತ. ಅವನಿಗೆ ಕಸಬು ಕಲಿಸಿದವನು ಅವನ ಸೋದರಮಾವ. ಮಾವ ಬಾಯಿಂದ ಕಲಿಸಿದ್ದಕ್ಕಿಂತ ಬೆನ್ನಿಗೆ ಕೊಟ್ಟು ಕಲಿಸಿದ್ದೇ ಹೆಚ್ಚು. ಅದರಲ್ಲಿ ಮೊದಲ ಪಾಠ: ಅನುಮಾನವಿದ್ದರೆ ಕತ್ತರಿ ಇಡಬೇಡ. ಕತ್ತರಿಸದ ಬಟ್ಟೆ ನಾಳೆಗಾದರೂ ಅಂಗಿಯಾಗುತ್ತೆ, ತಪ್ಪು ಕತ್ತರಿಸಿದ್ದು ಕೈವಸ್ತ್ರವೂ ಆಗಲ್ಲ. ಅಂದಿನಿಂದ ಇಂದಿನವರೆಗೆ ಟೈಲರ್ ಅನುಮಾನದಲ್ಲಿ ಕತ್ತರಿ ಇಟ್ಟವನಲ್ಲ. ಗಿರಾಕಿಗಳು ಬೈದುಕೊಳ್ಳುತ್ತಿದ್ದರು, ತಡ ಅಂತ. ಬಟ್ಟೆ ಕೆಡಿಸಿದ ಅಂತ ಯಾರೂ ಅಂದಿರಲಿಲ್ಲ.

ಮೊದಲ ಪ್ರಶ್ನೆ ಓದಿದ. ಅರ್ಥವಾಗಲಿಲ್ಲ. ಅನುಮಾನ. ಬಿಟ್ಟ. ಎರಡನೆಯದರಲ್ಲಿ ಒಂದು ರೈಲು ಇನ್ನೊಂದು ರೈಲನ್ನು ದಾಟುತ್ತಿತ್ತು. ದಾಟಲಿ ಎಂದು ಬಿಟ್ಟ. ಆಮೇಲೆ ಯಾವುದೋ ದ್ರಾವಣಕ್ಕೆ ಇನ್ಯಾವುದನ್ನೋ ಸೇರಿಸಿದರು, ಯಾರೋ ಯಾವುದೋ ಕೋನದಿಂದ ಗೋಪುರ ನೋಡಿದರು. ಟೈಲರ್ ಮರ್ಯಾದೆಯಿಂದ ಎಲ್ಲರನ್ನೂ ಅವರವರ ಪಾಡಿಗೆ ಬಿಟ್ಟು ಮುಂದೆ ಸಾಗಿದ.

ಹಾಳೆ ಮಗುಚಿದರೆ ಬಟ್ಟೆ! ಹನ್ನೆರಡು ಮೀಟರ್ ಬಟ್ಟೆಯಲ್ಲಿ ಒಂದೂವರೆ ಮೀಟರಿನ ಎಷ್ಟು ತುಂಡು ಸಿಗುತ್ತವೆ? ಉತ್ತರಗಳು ಆರು, ಏಳು, ಎಂಟು, ಒಂಬತ್ತು. ಟೈಲರ್ ತೋಳು ಮಡಿಸಿದ. ಇದು ತನ್ನ ಪ್ರಶ್ನೆ, ಬೇರೆಯವರು ಕೈ ಹಾಕುವ ಹಾಗಿಲ್ಲ. ಲೆಕ್ಕಕ್ಕೆ ಎಂಟು, ಸರಿ. ಆದರೆ ಬಟ್ಟೆ ಹತ್ತಿಯದೋ, ಬೇರೆಯದೋ? ನೀರಿಗೆ ಹಾಕಿ ಒಣಗಿಸಿದ್ದೋ, ಹೊಸದೋ? ಹೊಸ ಹತ್ತಿ ಬಟ್ಟೆಯಾದರೆ ಕುಗ್ಗುತ್ತೆ, ಏಳು ತುಂಡು ಸಿಕ್ಕಿ ಮೇಲೆ ಚೂರು ಉಳಿಯುತ್ತೆ. ಅಂಚು ಸೊಟ್ಟಗಿದ್ದರೆ ಅದೂ ಇಲ್ಲ. ಕೇಳೋಣವೆಂದು ಕೈ ಎತ್ತಿದ.

"ಮೇಡಂ, ಈ ಬಟ್ಟೆ ನೆನೆಸಿದ್ದಾ?"

ಪರೀಕ್ಷಾ ಹಾಲಿನ ತುಂಬ ನಗು ಎದ್ದಿತು. ಮೇಲ್ವಿಚಾರಕಿ, "ಪ್ರಶ್ನೆ ಕೇಳೋ ಹಾಗಿಲ್ಲ ಸಾರ್, ಉತ್ತರ ಕೊಡೋದು ಅಷ್ಟೇ," ಎಂದಳು. ಟೈಲರ್ ಇಂಗು ತಿಂದ ಮಂಗನ ಹಾಗೆ ಕೈ ಇಳಿಸಿದ. ಜೀವನದಲ್ಲಿ ಗೊತ್ತಿದ್ದ ಒಂದೇ ಒಂದು ಪ್ರಶ್ನೆ, ಅದಕ್ಕೂ ಅನುಮಾನ. ಅದನ್ನೂ ಬಿಟ್ಟ.

ಬಿಟ್ಟವನಿಗೆ ಇನ್ನು ಕೆಲಸವೇನು? ಗಂಟೆ ಬಾರಿಸುವವರೆಗೆ ಏಳುವಂತಿರಲಿಲ್ಲ. ಸುತ್ತ ನೋಡಿದ. ಬ್ಯಾಂಕಿನಮ್ಮ ಮೂರನೆಯ ಸಾಲನ್ನು ಮೇಲಿಂದ ಕೆಳಗೆ ಹೊಲಿಗೆ ಹಾಕಿದ ಹಾಗೆ ತುಂಬುತ್ತಿದ್ದರು. ಔಷಧಿ ಅಂಗಡಿಯವರು ಉತ್ತರಗಳ ಉದ್ದವನ್ನು ಬೆರಳಲ್ಲಿ ಅಳೆಯುತ್ತಿದ್ದರು. ಮೇಷ್ಟ್ರು ಮಾತ್ರ ಓದುತ್ತಿದ್ದರು, ಆದರೆ ಅರ್ಧ ಓದಿ 'ಓ, ಇದಾ!' ಎಂದು ಗೊಣಗಿ ತುಂಬಿಬಿಡುತ್ತಿದ್ದರು. ಖಾಲಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಪಕ್ಕದವರು ಬಗ್ಗಿ ನೋಡಿದರೆ? ಖಾಲಿ ಹಾಳೆ ದೂರಕ್ಕೂ ಕಾಣುತ್ತೆ, ತಪ್ಪು ಉತ್ತರ ಹತ್ತಿರಕ್ಕೂ ಕಾಣಲ್ಲ.

ಆಗ ಟೈಲರನ ಕಣ್ಣು ಬೆಂಚಿನ ಮೇಲೆ ಬಿತ್ತು. ಮೂಲೆಯಲ್ಲಿ ಪೆನ್ನಿನಿಂದ ಯಾರೋ ಒಂದು ಚಿತ್ರ ಬಿಡಿಸಿದ್ದರು. ಹೊಲಿಗೆ ಮೆಷಿನ್ನು. ಸುಮ್ಮನೆ ಯಾವುದೋ ಮೆಷಿನ್ನಲ್ಲ, ಚಕ್ರದ ಮೇಲಿನ ಸೀಳು ಕೂಡ ಇತ್ತು. ಅದು ಅವನ ಮೆಷಿನ್ನು. ಅದರ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಯಾರೂ ಇಲ್ಲ. ಗೆರೆಗಳು ಬೆಂಚಿನೊಳಕ್ಕೆ ಇಳಿದಿದ್ದವು, ಒಂದೇ ದಿನ ಬರೆದದ್ದಲ್ಲ, ಪ್ರತಿ ವಾರ ಅದರ ಮೇಲೇ ಮತ್ತೆ ಮತ್ತೆ ತೀಡಿದ್ದು.

ಟೈಲರ್ ಆ ಗೆರೆಗಳ ಮೇಲೆ ಬೆರಳಾಡಿಸಿದ. ಪರೀಕ್ಷೆ ಅವನಿಗೆ ಅರ್ಥವಾದದ್ದು ಆಗ. ಪರ್ಸೆಂಟೈಲಲ್ಲ, ರೈಲಲ್ಲ, ಗೋಪುರವಲ್ಲ. ಇಷ್ಟೊಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಯಾರು ಯಾರಿಗಿಂತ ಎತ್ತರ ಎಂದು ನೋಡುವ ಅವಸರದಲ್ಲಿ, ಯಾವ ಮಗುವಿಗೆ ಎಷ್ಟು ಅಳತೆಯ ದಿನ ಬೇಕು ಅಂತ ಯಾರೂ ಟೇಪು ಹಿಡಿದಿರಲಿಲ್ಲ. ಊರವರ ಮಾತು ಬಿಡಿ, ಅಪ್ಪನಾದವನು, ಅದೂ ಕೊರಳಲ್ಲೇ ಟೇಪು ಇಟ್ಟುಕೊಂಡು ಓಡಾಡುವವನು, ತಾನೂ ಹಿಡಿದಿರಲಿಲ್ಲ. ತೀರ್ಮಾನ ಅಲ್ಲೇ ಆಯಿತು. ಮಗಳು ಇನ್ನು ಮುಂದೆ ಭಾನುವಾರ ಮನೆಯಲ್ಲಿ. ಈ ವಿಷಯದಲ್ಲಿ ಅನುಮಾನವಿಲ್ಲ, ಕತ್ತರಿ ಇಡಬಹುದು.

ಗಂಟೆ ಬಾರಿಸಿತು. ಹೆಸರು ಮತ್ತು ನಂಬರು ಬಿಟ್ಟರೆ ಬೇರೇನೂ ಇಲ್ಲದ ಹಾಳೆಯನ್ನು ಕೊಟ್ಟು, ಟೇಪು ವಾಪಸು ತೆಗೆದುಕೊಂಡು ಮನೆಗೆ ಓಡುವ ಆತುರದಲ್ಲಿದ್ದ. ಆದರೆ ಸೆಂಟರಿನ ಡೈರೆಕ್ಟರ್ ಬಾಗಿಲಲ್ಲೇ ಕೈ ಚಾಚಿ ತಡೆದರು. "ಯಾರೂ ಹೋಗ್ಬೇಡಿ. ಮೆಷಿನ್ನು ಹಾಳೆ ಓದೋಕೆ ಒಂದು ಟೀ ಕುಡಿಯೋಷ್ಟು ಹೊತ್ತು ಸಾಕು. ಬಹುಮಾನ ಇದೆ!"

ಟೀ ಮುಗಿಯಿತು. ಡೈರೆಕ್ಟರ್ ಮೈಕು ಹಿಡಿದರು. "ಪೋಷಕರೇ, ಒಂದು ವಿಷಯ ನೆನಪಿಡಿ. ಅಂಕ ಮುಖ್ಯ ಅಲ್ಲ, ಪರ್ಸೆಂಟೈಲ್ ಮುಖ್ಯ. ಅದಕ್ಕೇ ನಾನು ಇವತ್ತು ಯಾರ ಅಂಕವನ್ನೂ ಓದೋದಿಲ್ಲ." ಹೀಗೆನ್ನುವಾಗ ಅವರ ಹಣೆಯ ಮೇಲೆ ಬೆವರಿತ್ತು. "ನೂರು ಪರ್ಸೆಂಟೈಲ್ ಪಡೆದು ಮೊದಲ ಸ್ಥಾನ ಗಳಿಸಿದವರು... ನಮ್ಮ ಟೈಲರ್!"

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಯಾರು? ಬಟ್ಟೆ ನೆನೆಸಿದ್ದಾ ಅಂತ ಕೇಳಿದೋನಾ?"

ಟೈಲರ್ ವೇದಿಕೆಗೆ ಓಡಿದ. "ಸಾರ್, ಏನೋ ತಪ್ಪಾಗಿದೆ. ನಾನು ಒಂದಕ್ಕೂ ಮಸಿ ಹಾಕಿಲ್ಲ."

"ವಿನಯ ನೋಡಿ, ವಿನಯ!" ಎಂದು ಡೈರೆಕ್ಟರ್ ಮೈಕಿನಲ್ಲಿ ಕೂಗಿ, ಮೈಕನ್ನು ಬದಿಗಿಟ್ಟು ಅವನನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದರು. ಪರದೆಯ ಮೇಲೆ ಎಲ್ಲರ ಹೆಸರಿತ್ತು. ಎಲ್ಲಕ್ಕಿಂತ ಮೇಲೆ ಟೈಲರ್, ಮುಂದೆ ಸೊನ್ನೆ. ಕೆಳಗೆ ಸಾಲುಸಾಲಾಗಿ ಉಳಿದವರು, ಪ್ರತಿಯೊಬ್ಬರ ಅಂಕದ ಹಿಂದೆಯೂ ಒಂದು ಪುಟ್ಟ ಅಡ್ಡಗೆರೆ. ಕಳೆದುಕೊಂಡವರು. ಮೇಷ್ಟ್ರು, ಔಷಧಿ ಅಂಗಡಿ, ಬ್ಯಾಂಕು, ಎಲ್ಲರೂ ಸೊನ್ನೆಯ ಕೆಳಗೆ, ಒಬ್ಬರಿಗಿಂತ ಒಬ್ಬರು ಆಳದಲ್ಲಿ.

"ಈ ಪೇಪರ್ರೇ ಹಾಗೆ," ಡೈರೆಕ್ಟರ್ ಪಿಸುಗುಟ್ಟಿದರು. "ಅರ್ಧ ಗೊತ್ತಿದ್ದೋನು ಯಾವ ತಪ್ಪು ಮಾಡ್ತಾನೋ ಅದನ್ನೇ ಉತ್ತರ ಅಂತ ಪಕ್ಕದಲ್ಲಿ ಇಟ್ಟಿರ್ತಾರೆ. ಟೈಲರ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಹೊರಗೆ ಹೇಳ್ಬೇಡಿ. ಇವರೆಲ್ಲ ನಾಳೆ ಮಕ್ಕಳ ಮುಖ ನೋಡೋದು ಬೇಡ್ವಾ?"

ಟೈಲರ್ ಹಾಲಿನತ್ತ ನೋಡಿದ. ಎಲ್ಲರೂ ತನ್ನ ಗಿರಾಕಿಗಳೇ. ಯಾರ ಹೊಟ್ಟೆಯ ಸುತ್ತಳತೆ ಎಷ್ಟು, ಯಾರು ಯಾವ ವರ್ಷ ಎಷ್ಟು ಹಿಗ್ಗಿದರು ಎಂಬುದೆಲ್ಲ ಅವನಿಗೆ ಗೊತ್ತು. ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಿದವನಲ್ಲ. ಅದು ಮಾವನ ಎರಡನೆಯ ಪಾಠ. ಬಾಯಿ ಮುಚ್ಚಿಕೊಂಡ. ಬೆಳಿಗ್ಗೆ ಮುಚ್ಚಬೇಕಾಗಿದ್ದ ಬಾಯಿ ಈಗ ಮುಚ್ಚಿತು ನೋಡಿ.

ಡೈರೆಕ್ಟರ್ ಮತ್ತೆ ಮೈಕು ಹಿಡಿದರು. "ಬಹುಮಾನ: ಪರೀಕ್ಷೆ ಮುಗಿಯೋವರೆಗೂ ನಮ್ಮ ಭಾನುವಾರದ ವಿಶೇಷ ತರಗತಿಯಲ್ಲಿ ಉಚಿತ ಸೀಟು! ಇವರ ಮಗಳು ಇನ್ನು ಒಂದು ಭಾನುವಾರವನ್ನೂ ತಪ್ಪಿಸೋ ಹಾಗಿಲ್ಲ!"

ಚಪ್ಪಾಳೆ ಬಿತ್ತು. ಟೈಲರ್ ಮೇಜು ಹಿಡಿದುಕೊಂಡ. ಯಾವ ಹಗ್ಗ ಬಿಚ್ಚಲು ಬಂದಿದ್ದನೋ ಅದಕ್ಕೇ ಇನ್ನೊಂದು ಗಂಟು ಬಿದ್ದಿತ್ತು.

ಮನೆಗೆ ಬರುವಷ್ಟರಲ್ಲಿ ಬ್ಯಾಂಕಿನಮ್ಮನ ಫೋನು ಮುಂಚೆಯೇ ಬಂದಾಗಿತ್ತು. ಹೆಂಡತಿ ಬೀದಿಯಲ್ಲೇ ನಿಂತಿದ್ದಳು. "ರೀ! ನೂರಂತೆ! ಇಷ್ಟು ದಿನ ಆ ತಲೇನ ಎಲ್ಲಿ ಬಚ್ಚಿಟ್ಟಿದ್ರಿ? ಸೀಟೂ ಬಿಟ್ಟಿಯಂತೆ!" ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡನನ್ನು ಅವಳು ಹಾಗೆ ನೋಡಿದ್ದು ಇದೇ ಮೊದಲು. ಅದಕ್ಕೇ ಟೈಲರ್ ಏನೂ ಹೇಳಲಾರದೆ ಅಂಗಡಿಯೊಳಗೆ ನುಗ್ಗಿದ.

ಒಳಗೆ ಮಗಳು ಇದ್ದಳು. ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಮೇಜಿಗೆ ಎತ್ತಿಟ್ಟು, ತಾನು ಸ್ಟೂಲಿನ ಮೇಲೆ ಕೂತು, ಸೂಜಿಗೆ ದಾರ ಪೋಣಿಸಿಟ್ಟುಕೊಂಡಿದ್ದಳು. ಅಪ್ಪ ಏನು ಹೇಳುತ್ತಾನೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಿದ್ದಂತಿತ್ತು. ಈಗ ಅವಳ ಮುಖ ಸುದ್ದಿ ಕೇಳಿ ಬಿಳುಚಿಕೊಂಡಿತ್ತು.

"ಎಷ್ಟು ಅಂಕ ಅಪ್ಪಾ?" ಅಂದಳು.

ಇಡೀ ಊರಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

"ಸೊನ್ನೆ."

"ಸೊನ್ನೆಗೆ ನೂರು ಪರ್ಸೆಂಟೈಲಾ? ಅಂದ್ರೆ ಉಳಿದವರೆಲ್ಲ..." ಅವಳ ಕಣ್ಣು ದೊಡ್ಡದಾಯಿತು. "ಮೇಷ್ಟ್ರೂನಾ?"

"ಶ್! ಗಿರಾಕಿಗಳ ಅಳತೆ ಹೊರಗೆ ಹೇಳೋ ಹಾಗಿಲ್ಲ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬೆರಳ ಸಂದಿನಿಂದ ನಗು ಸೋರಿತು. ಎಷ್ಟೋ ತಿಂಗಳ ಮೇಲೆ ಆ ಅಂಗಡಿಯಲ್ಲಿ ಆ ನಗು. ಟೈಲರನಿಗೆ ಅಳು ಬರುವ ಹಾಗಾಯಿತು.

"ಬೆಂಚಿನ ಮೇಲೆ ಮೆಷಿನ್ನು ನೋಡಿದೆ ಮಗಳೇ. ನೀನು ಹೋಗೋದು ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದ್ದೆ. ಆಮೇಲೆ ಹಾಳಾದ್ದು, ಗೆದ್ದುಬಿಟ್ಟೆ."

ಅವಳ ನಗು ಅಲ್ಲಿಗೆ ನಿಂತಿತು. ಹೊರಗೆ ಹೆಜ್ಜೆ ಸದ್ದಾಯಿತು. ಡೈರೆಕ್ಟರ್ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಲೇ ಒಳಗೆ ಬಂದರು, ಹಿಂದೆ ಮೇಷ್ಟ್ರು, ಔಷಧಿ ಅಂಗಡಿ, ಬ್ಯಾಂಕಿನಮ್ಮ, ಎಲ್ಲರಿಗಿಂತ ಹಿಂದೆ ಹಿಗ್ಗಿನಿಂದ ಹೆಂಡತಿ.

"ಎಲ್ಲಿ ನಮ್ಮ ವಿದ್ಯಾರ್ಥಿನಿ? ಅಪ್ಪನ ಪಕ್ಕ ನಿಲ್ಲು. ಬ್ಯಾನರಿಗೆ ಬೇಕು."

"ಸಾರ್, ಅವಳಿಗೆ ಭಾನುವಾರ ಬೇಡವಂತೆ," ಅಂದ ಟೈಲರ್.

"ಬಿಟ್ಟಿ ಸೀಟನ್ನ ಬೇಡ ಅನ್ನೋದಾ?" ಹೆಂಡತಿ ಬಾಯಿ ಬಿಟ್ಟಳು.

"ಅಪ್ಪ ನೂರು ತಗೊಂಡಿದಾರೆ, ಮಗಳು ಹಿಂದೆ ಬಿದ್ರೆ ಹೇಗೆ?" ಬ್ಯಾಂಕಿನಮ್ಮ ಸೇರಿಸಿದರು. "ಕತ್ತಲ್ಲಿ ಟೇಪು ಹಾಕ್ಕೊಂಡೋರ ಕೈಲಿ ಆಗಿದ್ದು ಇವಳ ಕೈಲಿ ಆಗಲ್ವಾ?"

ಮಗಳು ತಲೆ ತಗ್ಗಿಸಿ ಸ್ಟೂಲಿನಿಂದ ಇಳಿದಳು. ಸೂಜಿಯನ್ನು ಮೇಜಿನ ಮೇಲಿನ ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು, ಸದ್ದಿಲ್ಲದೆ, ಬೆಳಿಗ್ಗೆ ತಟ್ಟೆ ಇಟ್ಟ ಹಾಗೇ. ಅದನ್ನು ಕಂಡ ಟೈಲರನಿಗೆ ತಡೆಯಲಾಗಲಿಲ್ಲ. ಏನಾದರೂ ಹೇಳಿ ಇದನ್ನು ನಿಲ್ಲಿಸಬೇಕು. ಯೋಚಿಸಲು ಹೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಅಂದ.

"ಪರೀಕ್ಷೆ ಬರೆದೋರು ಯಾರು? ನಾನು. ಗೆದ್ದೋರು ಯಾರು? ನಾನು. ಅಂದ್ಮೇಲೆ ಸೀಟೂ ನಂದೇ. ಕೊಡೋದಾದ್ರೆ ನನಗೆ ಕೊಡಿ, ಇಲ್ಲಾಂದ್ರೆ ವಾಪಸ್ ತಗೊಳ್ಳಿ!"

ಹೇಳಿದವನು ಗೆದ್ದ ಹುಮ್ಮಸ್ಸಿನಿಂದ ಎದೆ ಸೆಟೆಸಿ ನಿಂತ. ಅರ್ಧ ತಲೆ ನರೆತ ಮನುಷ್ಯನನ್ನು ಮಕ್ಕಳ ಜೊತೆ ಯಾವ ಡೈರೆಕ್ಟರ್ ಕೂರಿಸಿಕೊಂಡಾನು? ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ, ಸೀಟು ತಾನಾಗಿ ವಾ‍ಪಸ್ ಹೋಗುತ್ತೆ ಎಂದುಕೊಂಡ.

ಡೈರೆಕ್ಟರ್ ಫೋಟೋ ತೆಗೆಯುವುದನ್ನು ನಿಲ್ಲಿಸಿದರು. ಅವರ ಮುಖ ಅಂಗುಲ ಅಂಗುಲವಾಗಿ ಅರಳಿತು.

"ಟೈಲರ್ರೇ... ನೀವೇ? ನಮ್ಮ ವಿದ್ಯಾರ್ಥಿ? ಕೊರಳಲ್ಲಿ ಟೇಪು, ಕೈಯಲ್ಲಿ ಪುಸ್ತಕ! ಇಂಥಾ ಬ್ಯಾನರು ಯಾವ ಸೆಂಟರಲ್ಲಿದೆ ತೋರಿಸಿ!" ಎಂದು ಟೈಲರನ ಎರಡೂ ಕೈ ಹಿಡಿದು ಕುಲುಕಿದರು. "ಮಗಳ ಹೆಸರು ಭಾನುವಾರದ ಪಟ್ಟಿಯಿಂದ ಈಗಲೇ ತೆಗೀತೀನಿ. ಅವಳ ಜಾಗದಲ್ಲಿ ನೀವು. ಆಯ್ತಲ್ಲ?"

"ಅಲ್ಲ ಸಾರ್, ನಾನು ಸುಮ್ನೆ..."

"ವಿದ್ಯೆಗೆ ವಯಸ್ಸಿಲ್ಲ ಕಣಯ್ಯಾ," ಮೇಷ್ಟ್ರು ಗಂಭೀರವಾಗಿ ಹೇಳಿದರು. ಸೊನ್ನೆಗಿಂತ ಎಷ್ಟು ಕೆಳಗಿಂದ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.

ಟೈಲರ್ ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಹೋಗಿ ಬನ್ರೀ. ನೂರು ತಗೊಳ್ಳೋ ತಲೇನ ಮೆಷಿನ್ ತುಳಿದು ಹಾಳು ಮಾಡೋದಾ? ನಾನೇ ಬೆಳಿಗ್ಗೆ ಎಬ್ಬಿಸ್ತೀನಿ."

"ಅಂಗಡಿ? ಭಾನುವಾರಾನೇ ಗಿರಾಕಿಗಳು ಜಾಸ್ತಿ ಬರೋದು. ಅಂಗಡಿ ಯಾರು ನೋಡ್ಕೋತಾರೆ?"

"ನಾನಿದ್ದೀನಲ್ಲ ಅಪ್ಪಾ," ಅಂದಳು ಮಗಳು. "ನನಗೆ ಭಾನುವಾರ ಬಿಡುವು."

ಎಲ್ಲರೂ ಹೋದ ಮೇಲೆ ಅಂಗಡಿಯಲ್ಲಿ ಇಬ್ಬರೇ ಉಳಿದರು. ಟೈಲರ್ ಮೆಷಿನ್ನಿನ ಮುಂದೆ, ಮಗಳು ಸ್ಟೂಲಿನ ಮೇಲೆ. ಹೊರಗೆ ಸಂಜೆಯಾಗುತ್ತಿತ್ತು.

"ಬಿಟ್ಟಿ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪಂಗೂ ಇರಲಿ ಅಂತಾರಲ್ಲ," ಮಗಳು ಅಂಗಿಯೊಂದನ್ನು ಎತ್ತಿಕೊಂಡಳು. "ಇದು ಬರೀ ನಮ್ಮಪ್ಪಂಗೇ ಸಿಕ್ತು."

"ನಗು, ನಗು. ನಿನ್ನ ಭಾನುವಾರ ನಿನಗೆ ಸಿಕ್ತಲ್ಲ, ಸಾಕು ಬಿಡು."

ಅವಳು ಗುಂಡಿಯ ತೂತಿನಲ್ಲಿ ಸೂಜಿ ಇಳಿಸಿ ಅಲ್ಲೇ ನಿಲ್ಲಿಸಿದಳು. "ನನಗೆ ಬೇಕಾಗಿದ್ದು ಬರೀ ಭಾನುವಾರ ಅಲ್ಲ ಅಪ್ಪಾ. ನೀನಿರೋ ಭಾನುವಾರ."

ಟೈಲರ್ ಟೇಪನ್ನು ಕೊರಳಿಂದ ತೆಗೆದು ಅವಳ ಕೊರಳಿಗೆ ಹಾಕಿದ. "ಇನ್ನೂ ಈ ಭಾನುವಾರ ಮುಗಿದಿಲ್ಲವಲ್ಲ ಮಗಳೇ. ಮೇಷ್ಟ್ರು ಪರೀಕ್ಷೆ ಬರೆದದ್ದು ಹೇಗೆ ಗೊತ್ತಾ? ಅರ್ಧ ಓದೋದು, 'ಓ, ಇದಾ!' ಅನ್ನೋದು..."

ಮಗಳು ನೆಟ್ಟಗೆ ಕೂತು ಮೇಷ್ಟ್ರ ಹಾಗೆ ಗಂಟಲು ಸರಿಮಾಡಿಕೊಂಡು, ಗಾಳಿಯಲ್ಲಿ ವೃತ್ತ ತುಂಬಿ, "ಓ, ಇದಾ!" ಅಂದಳು. ಟೈಲರ್ ಮೆಷಿನ್ನಿನ ಮೇಲೆ ತಲೆಯಿಟ್ಟು ನಕ್ಕ. ಅವನ ನಗು ನೋಡಿ ಅವಳ ನಗು, ಅವಳದು ನೋಡಿ ಅವನದು.

"ಹರಟೆ ಸಾಕು, ಹೋಗಿ ಓದ್ಕೋಬಾರ್ದಾ!" ಒಳಗಿನಿಂದ ಹೆಂಡತಿಯ ದನಿ ಬಂತು.

ಮಗಳು ಅಭ್ಯಾಸದಂತೆ ಸ್ಟೂಲಿನಿಂದ ಎದ್ದಳು.

"ನಿನಗಲ್ಲ ಕಣೇ," ಹೆಂಡತಿ ಬಾಗಿಲಿಗೆ ಬಂದು, ಮಗಳ ಪುಸ್ತಕದ ಕಟ್ಟನ್ನು ಗಂಡನ ಮಡಿಲಿಗೆ ಹಾಕಿದಳು. "ನಿಮ್ಮಪ್ಪಂಗೆ."